ಸಾವಿರ ಫೈಲುಗಳ ಕಣಜದಲ್ಲಿ ಒಂದು ಬೋರ್ಡು

ಪ್ರಶ್ನೆ: ನಮ್ಮದು ಹಾಸನದಲ್ಲಿ ಚಿಕ್ಕ ಬೇಕರಿ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ನಾನು ಇನ್ನೂ ಜಿಟಿಎ ವೈಸ್ ಸಿಟಿ ಆಡುತ್ತೇನೆ. ಅದರ ಓಷನ್ ಡ್ರೈವ್ ಬೀದಿಯ ಒಂದು ಅಂಗಡಿಯ ಬೋರ್ಡಿನ ಮೇಲೆ ನಮ್ಮ ಬೇಕರಿಯ ಹೆಸರನ್ನು ಕನ್ನಡದಲ್ಲಿ ಹಾಕಬೇಕೆಂಬ ಆಸೆ. ಆಟದ ಫೋಲ್ಡರಿನಲ್ಲಿ ಒಂದೇ ಒಂದು ದೊಡ್ಡ ಫೈಲಿದೆ. ಬಿಚ್ಚಿ ನೋಡಿದೆ, ಸಾವಿರಾರು ಫೈಲುಗಳು ಸುರಿದವು. ಹೆಸರುಗಳೊಂದೂ ಅರ್ಥವಾಗುವುದಿಲ್ಲ. ಬೇಕಾದದ್ದನ್ನಷ್ಟೇ ಹುಡುಕಿ ತೆಗೆಯಲು ಸುಲಭದ ದಾರಿ ಇದೆಯೇ? ಬೇರೆ ಆಟಗಳಲ್ಲೂ ಅದೇ ದಾರಿ ನಡೆಯುತ್ತದೆಯೇ?

ಉತ್ತರ: ‘ಬಿಚ್ಚಿ ನೋಡಿದೆ’ ಎಂದಿರಲ್ಲ, ನಾನೂ ಮೊದಲು ಮಾಡಿದ್ದು ಅದನ್ನೇ. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುತ್ತಿದ್ದ ಸೈಬರ್ ಸೆಂಟರಿನ ದಿನಗಳಲ್ಲಿ ಇದೇ ಆಟದ ಇದೇ ಫೈಲನ್ನು ಪೂರ್ತಿ ಬಿಚ್ಚಿ, ಒಂದೊಂದೇ ಚಿತ್ರ ತೆರೆದು ನೋಡುತ್ತ ಒಂದು ವಾರ ಕಳೆದಿದ್ದೆ. ಬೇಕಾದದ್ದು ಸಿಗಲಿಲ್ಲ. ಆಮೇಲೆ ಹೊಳೆದದ್ದು ಇಷ್ಟು: ನಾನು ವಾರಗಟ್ಟಲೆ ಹುಡುಕುವ ಫೈಲನ್ನು ಆಟ ಕಣ್ಣು ಮಿಟುಕಿಸುವುದರೊಳಗೆ ತೆಗೆಯುತ್ತದೆ. ಅದು ಒಂದೊಂದನ್ನೇ ತೆರೆದು ನೋಡುವುದಿಲ್ಲ. ಅದರ ಬಳಿ ಒಂದು ಪಟ್ಟಿ ಇದೆ. ಆ ಪಟ್ಟಿ ನಮ್ಮ ಕೈಗೂ ಸಿಗುವಂಥದ್ದೇ. ಆದ್ದರಿಂದ ಕಣಜದೊಳಗೆ ಇಳಿಯುವ ಮೊದಲು ಕಣಜದ ಲೆಕ್ಕದ ಪುಸ್ತಕ ಎಲ್ಲಿದೆ ಎಂದು ನೋಡಬೇಕು.

ನಿಮ್ಮ ತಂದೆಯವರ ಬಳಿ ಹೊಲದ ಪಹಣಿ ಇದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಹೊಲವೇ ಇಲ್ಲ. ಸರ್ವೆ ನಂಬರು, ವಿಸ್ತೀರ್ಣ, ಯಾರ ಹೆಸರಿನಲ್ಲಿದೆ ಎಂಬುದಿದೆ. ಆಟದ ಪ್ಯಾಕ್ ಫೈಲಿನ, ಎಂದರೆ ನೀವು ಬಿಚ್ಚಿದಂಥ ದೊಡ್ಡ ಫೈಲಿನ, ಸೂಚಿಯೂ ಹಾಗೆಯೇ. ಪ್ರತಿ ಫೈಲಿಗೆ ಒಂದು ಸಾಲು. ಎಲ್ಲಿಂದ ಶುರು, ಎಷ್ಟು ಉದ್ದ, ಏನು ಹೆಸರು. ಈ ಮೂರು ಗೊತ್ತಾದರೆ ಅಷ್ಟನ್ನೇ ಕತ್ತರಿಸಿ ತೆಗೆಯಬಹುದು, ಉಳಿದದ್ದನ್ನು ಮುಟ್ಟಬೇಕಾಗಿಲ್ಲ. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದ ವ್ಯಾಡ್ ಫೈಲು ಇದರ ಅತಿ ಸರಳ ಮಾದರಿ. ಶುರುವಿನಲ್ಲಿ 12 ಬೈಟುಗಳ ತಲೆಬರಹ. ಮೊದಲ ನಾಲ್ಕು ಬೈಟು ‘ಐವ್ಯಾಡ್’ ಅಥವಾ ‘ಪಿವ್ಯಾಡ್’ ಎಂಬ ಗುರುತು, ಮುಂದಿನ ನಾಲ್ಕು ಒಳಗೆ ಎಷ್ಟು ತುಣುಕುಗಳಿವೆ ಎಂಬ ಎಣಿಕೆ, ಕೊನೆಯ ನಾಲ್ಕು ಸೂಚಿ ಎಲ್ಲಿದೆ ಎಂಬ ವಿಳಾಸ. ಸೂಚಿಯಲ್ಲಿ ಪ್ರತಿ ತುಣುಕಿಗೆ 16 ಬೈಟು: ಜಾಗಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಹೆಸರಿಗೆ ಎಂಟು. ಇಷ್ಟನ್ನು ತಿಳಿದವರು ಕಾಗದ ಪೆನ್ಸಿಲ್ ಹಿಡಿದೇ ಡೂಮ್‌ನ ಯಾವ ಸದ್ದು, ಯಾವ ಗೋಡೆಯ ಚಿತ್ರ ಎಲ್ಲಿದೆ ಎಂದು ಹೇಳಬಹುದು. ಆಟ ಬಂದ ಕೆಲವೇ ತಿಂಗಳಲ್ಲಿ ಜಗತ್ತಿನ ಮೂಲೆಮೂಲೆಯಿಂದ ಹೊಸ ಮಟ್ಟಗಳು, ಹೊಸ ಸದ್ದುಗಳು ಹುಟ್ಟಿಕೊಂಡದ್ದಕ್ಕೆ ಈ ಸರಳತೆಯೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಇಷ್ಟೆಲ್ಲ ಕಟ್ಟಿ ಒಂದೇ ಮೂಟೆ ಮಾಡುವುದಾದರೂ ಏಕೆ ಎಂದು ಕೇಳಬಹುದು. ಬಚ್ಚಿಡುವುದಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಮೊದಲ ಕಾರಣ ಅದಲ್ಲ. ಸಿಡಿಯಲ್ಲಿ ಓದುವ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದೇ ನಿಧಾನದ ಕೆಲಸ. ಸಾವಿರ ಸಣ್ಣ ಫೈಲುಗಳನ್ನು ಒಂದೊಂದಾಗಿ ತೆರೆಯುವುದಕ್ಕಿಂತ ಒಂದೇ ದೊಡ್ಡ ಫೈಲನ್ನು ತೆರೆದಿಟ್ಟುಕೊಂಡು ಬೇಕಾದ ಜಾಗಕ್ಕೆ ಜಿಗಿಯುವುದು ವೇಗ. ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ ಒಂದು ಕಿಲೋಬೈಟಿನ ಫೈಲೂ 32 ಕಿಲೋಬೈಟಿನ ಕೋಣೆಯನ್ನು ಪೂರ್ತಿ ಹಿಡಿದುಕೊಳ್ಳುವುದಿತ್ತು. ಮೂಟೆ ಕಟ್ಟಿದರೆ ಆ ನಷ್ಟವೂ ಇಲ್ಲ.

ಈಗ ನಿಮ್ಮ ವೈಸ್ ಸಿಟಿ. 1986ರ ಮಯಾಮಿಯ ನೆನಪಿನಲ್ಲಿ ಎಡಿನ್‌ಬರೋದ ರಾಕ್‌ಸ್ಟಾರ್ ನಾರ್ತ್ ಕಟ್ಟಿದ ಆಟ. ಪ್ಲೇಸ್ಟೇಷನ್ 2ಕ್ಕೆ 2002ರಲ್ಲಿ, ಕಂಪ್ಯೂಟರಿಗೆ 2003ರಲ್ಲಿ ಬಂತು. ಅದರ ಮಾಡೆಲ್ಸ್ ಫೋಲ್ಡರಿನಲ್ಲಿ ಜಿಟಿಎ3.ಐಎಂಜಿ ಎಂಬ ಆ ದೊಡ್ಡ ಫೈಲಿನ ಪಕ್ಕದಲ್ಲೇ ಜಿಟಿಎ3.ಡಿಐಆರ್ ಎಂಬ ಪುಟ್ಟ ಫೈಲು ಕೂತಿರುತ್ತದೆ. ನೀವು ಗಮನಿಸಿರಲಿಕ್ಕಿಲ್ಲ. ಪಹಣಿ ಅದೇ. ಒಂದೊಂದು ದಾಖಲೆಗೆ 32 ಬೈಟು: ಜಾಗಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಹೆಸರಿಗೆ 24. ಡಿಐಆರ್ ಫೈಲಿನ ಗಾತ್ರವನ್ನು 32ರಿಂದ ಭಾಗಿಸಿದರೆ ಒಳಗೆ ಎಷ್ಟು ಫೈಲುಗಳಿವೆ ಎಂಬುದು ಸಿಕ್ಕಿಬಿಡುತ್ತದೆ. ಜಾಗ ಮತ್ತು ಉದ್ದದ ಅಂಕಿಗಳು ಬೈಟಿನಲ್ಲಿಲ್ಲ, 2,048 ಬೈಟಿನ ತುಂಡುಗಳ ಲೆಕ್ಕದಲ್ಲಿವೆ. ಸಿಡಿ, ಡಿವಿಡಿಯ ಒಂದು ಸೆಕ್ಟರಿನಲ್ಲಿ ದತ್ತಾಂಶಕ್ಕೆ ಸಿಗುವ ಜಾಗ ಅಷ್ಟೇ. ಆಟ ಡಿಸ್ಕಿನಿಂದ ಹುಟ್ಟಿ ಬಂದ ಗುರುತು ಕಂಪ್ಯೂಟರಿನಲ್ಲೂ ಉಳಿದಿದೆ. ಸೂಚಿಯಲ್ಲಿ ಜಾಗ 1,000 ಎಂದಿದ್ದರೆ ದೊಡ್ಡ ಫೈಲಿನಲ್ಲಿ ಅದು 20,48,000ನೇ ಬೈಟು. ಈ ಗುಣಾಕಾರವನ್ನು ನೆನಪಿಡಿ, ಮುಂದೆ ಅದನ್ನು ತಿರುವಿ ಬಳಸುವುದಿದೆ. 2005ರಲ್ಲಿ ಕಂಪ್ಯೂಟರಿಗೆ ಬಂದ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಪಹಣಿಯೂ ಹೊಲವೂ ಒಂದೇ ಫೈಲಿನೊಳಗೆ ಸೇರಿದವು. ಅದರ ಮೊದಲ ನಾಲ್ಕು ಅಕ್ಷರ ‘ವಿಇಆರ್2’.

ಪಹಣಿ ಸಿಕ್ಕಿತು, ಆದರೆ ಹೆಸರು ಅರ್ಥವಾಗುವುದಿಲ್ಲ ಎಂದಿರಿ. ಊರಿನಲ್ಲಿ ಎಲ್ಲರೂ ‘ಬೇವಿನಮರದ ಹೊಲ’ ಎನ್ನುತ್ತಾರೆ, ದಾಖಲೆಯಲ್ಲಿ ಬೇವಿನಮರದ ಸುದ್ದಿಯೇ ಇರುವುದಿಲ್ಲ. ಇಲ್ಲೂ ಹಾಗೆಯೇ. ಪರದೆಯ ಮೇಲೆ ಲ್ಯಾಂಡ್‌ಸ್ಟಾಕರ್ ಎಂದು ಬರುವ ಜೀಪಿನ ಫೈಲು ‘ಲ್ಯಾಂಡ್‌ಸ್ಟಾಲ್’. ಪೆರೆನಿಯಲ್ ಎಂಬ ಕಾರು ‘ಪೆರೆನ್’. ಲೈನ್‌ರನ್ನರ್ ಲಾರಿ ‘ಲೈನ್‌ರನ್’. ಪರದೆಯ ಮೇಲಿನ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗದು, ಆಟ ಕಟ್ಟಿದವರು ತಮ್ಮೊಳಗೆ ಕರೆದುಕೊಂಡ ಹೆಸರು ಬೇಕು. ಎರಡಕ್ಕೂ ನಡುವಿನ ನಿಘಂಟು ಪ್ಯಾಕ್ ಫೈಲಿನ ಹೊರಗೆ, ಡಾಟಾ ಫೋಲ್ಡರಿನಲ್ಲಿ, ನೋಟ್‌ಪ್ಯಾಡಿನಲ್ಲೇ ತೆರೆಯುವ ಸಾದಾ ಪಠ್ಯವಾಗಿ ಬಿದ್ದಿದೆ. ಅದರ ಬಾಲದಲ್ಲಿ ಐಡಿಇ ಎಂದಿರುತ್ತದೆ. ಡೀಫಾಲ್ಟ್.ಐಡಿಇ ತೆರೆಯಿರಿ. 130ನೇ ಸಂಖ್ಯೆಯ ಎದುರು ಲ್ಯಾಂಡ್‌ಸ್ಟಾಲ್, 141ರ ಎದುರು ಇನ್‌ಫರ್ನಸ್. ಪ್ರತಿ ಸಾಲಿನಲ್ಲೂ ಸಂಖ್ಯೆ, ಆಮೇಲೆ ಆಕಾರದ ಫೈಲಿನ ಹೆಸರು, ಆಮೇಲೆ ಅದಕ್ಕೆ ಹೊದಿಸುವ ಚಿತ್ರಗಳ ಕಟ್ಟಿನ ಹೆಸರು. ಆಕಾರದ್ದು ಡಿಎಫ್‌ಎಫ್, ಚಿತ್ರದ್ದು ಟಿಎಕ್ಸ್‌ಡಿ.

ಕಾರಿಗೆ ಇಷ್ಟು ಸಾಕು. ಬೋರ್ಡಿಗೆ ಸಾಲದು, ಏಕೆಂದರೆ ಬೋರ್ಡಿಗೆ ನಮಗೆ ಗೊತ್ತಿರುವ ಹೆಸರೇ ಇಲ್ಲ. ಗೊತ್ತಿರುವುದು ಅದು ನಿಂತ ಜಾಗ ಮಾತ್ರ. ಆ ಜಾಗದಿಂದಲೇ ಶುರು ಮಾಡಬೇಕು. ಡಾಟಾ ಫೋಲ್ಡರಿನ ಮ್ಯಾಪ್ಸ್ ಒಳಗೆ ಬಡಾವಣೆಗೊಂದು ಫೋಲ್ಡರಿದೆ. ಓಷನ್ ಡ್ರೈವ್‌ನದು ‘ಓಷನ್‌ಡಿಆರ್‌ವಿ’. ಅದರಲ್ಲಿರುವ ಐಪಿಎಲ್ ಫೈಲು ಆ ಬಡಾವಣೆಯ ನಕ್ಷೆ: ಯಾವ ವಸ್ತುವನ್ನು ಭೂಪಟದ ಯಾವ ಬಿಂದುವಿನಲ್ಲಿ, ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು ಎಂಬುದು ಒಂದೊಂದು ಸಾಲಿನಲ್ಲಿ. ಆಟದಲ್ಲಿ ನಿಂತ ಜಾಗದ ಎಕ್ಸ್, ವೈ, ಝಡ್ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಸಣ್ಣ ಮಾಡ್‌ಗಳು ಸಿಗುತ್ತವೆ. ನಿಮ್ಮ ಅಂಗಡಿಯ ಬೋರ್ಡಿನ ಕೆಳಗೆ ನಿಂತು ಅಂಕಿ ಬರೆದುಕೊಳ್ಳಿ. ಆಮೇಲೆ ಐಪಿಎಲ್ ಫೈಲನ್ನು ಎಕ್ಸೆಲ್‌ನಲ್ಲಿ ಅಲ್ಪವಿರಾಮದಿಂದ ಬೇರ್ಪಡಿಸಿ ತೆರೆದು, ಎಕ್ಸ್ ಮತ್ತು ವೈ ಎರಡೂ ಹತ್ತಿರವಿರುವ ಸಾಲುಗಳನ್ನು ಸೋಸಿ. ಅಂಕಿ ಅಷ್ಟಕ್ಕಷ್ಟೇ ಹೊಂದಬೇಕೆಂದು ಕಾಯಬೇಡಿ. ಅಂಗಡಿ, ಗೋಡೆ, ಬೋರ್ಡು ಎಲ್ಲ ಸೇರಿ ಒಂದೇ ಕಟ್ಟಡದ ಆಕಾರವಾಗಿದ್ದರೆ ಅದರ ಬಿಂದು ಕಟ್ಟಡದ ನಡುಮಧ್ಯದಲ್ಲಿರುತ್ತದೆ, ನೀವು ನಿಂತದ್ದು ಫುಟ್‌ಪಾತಿನಲ್ಲಿ. ಮೂವತ್ತು ನಲವತ್ತರ ಅಂತರವನ್ನು ಬಿಟ್ಟುಕೊಡಿ. ಹತ್ತಿಪ್ಪತ್ತು ಹೆಸರುಗಳು ಉಳಿಯುತ್ತವೆ. ಆ ಹೆಸರುಗಳನ್ನು ಅದೇ ಬಡಾವಣೆಯ ಐಡಿಇಯಲ್ಲಿ ನೋಡಿದರೆ ಯಾವ ಚಿತ್ರಕಟ್ಟು ಎಂಬುದು ಸಿಗುತ್ತದೆ. ಸಾವಿರಾರು ಇದ್ದದ್ದು ನಾಲ್ಕೈದಕ್ಕೆ ಇಳಿಯಿತು. ಈಗ ಐಎಂಜಿ ಓದುವ ಯಾವುದಾದರೂ ಸಲಕರಣೆಯಿಂದ ಆ ನಾಲ್ಕೈದನ್ನಷ್ಟೇ ತೆಗೆದು, ಟಿಎಕ್ಸ್‌ಡಿ ವರ್ಕ್‌ಶಾಪ್ ಅಥವಾ ಮ್ಯಾಜಿಕ್.ಟಿಎಕ್ಸ್‌ಡಿಯಲ್ಲಿ ನೋಡಿ. ಮ್ಯಾಪ್ ಎಡಿಟರ್ ಇದ್ದವರು ಕಟ್ಟಡವನ್ನು ಒತ್ತಿದರೆ ಹೆಸರು ತಾನಾಗಿ ಬರುತ್ತದೆ. ಅದೂ ಹಿಂದಿನಿಂದ ಮಾಡುವುದು ಈ ಹುಡುಕಾಟವನ್ನೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಟಿಎಕ್ಸ್‌ಡಿ ಎಂಬುದು ಒಂದು ಚಿತ್ರವಲ್ಲ, ಹಲವು ಚಿತ್ರಗಳ ಕಟ್ಟು. ಅಂದರೆ ಮೂಟೆಯೊಳಗೊಂದು ಗಂಟು. ಹೊರಗಿನ ಪಹಣಿಯಲ್ಲಿ ಗಂಟಿನ ಹೆಸರಷ್ಟೇ ಇರುತ್ತದೆ, ಗಂಟಿನೊಳಗಿನ ಚಿತ್ರಗಳ ಹೆಸರಿರುವುದಿಲ್ಲ. ಚಿತ್ರದ ಹೆಸರು ಹೇಗೋ ಗೊತ್ತಾಗಿ, ಅದನ್ನು ಡಿಐಆರ್ ಫೈಲಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಬಿಟ್ಟವರನ್ನು ಕಂಡಿದ್ದೇನೆ. ಬಿಡಬೇಕಾಗಿಲ್ಲ. ಈ ಮೂಟೆಯನ್ನು ಕಟ್ಟಿದ್ದಾರೆಯೇ ಹೊರತು ಹಿಂಡಿಲ್ಲ, ಎಂದರೆ ಕಂಪ್ರೆಸ್ ಮಾಡಿಲ್ಲ. ಆದ್ದರಿಂದ ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರಿನಲ್ಲಿ, ಎಂದರೆ ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಸಲಕರಣೆಯಲ್ಲಿ, ಜಿಟಿಎ3.ಐಎಂಜಿಯನ್ನೇ ತೆರೆದು ಚಿತ್ರದ ಹೆಸರನ್ನು ಹುಡುಕಿ. ಸಿಕ್ಕಿದ ಜಾಗದ ಬೈಟ್ ಸಂಖ್ಯೆಯನ್ನು 2,048ರಿಂದ ಭಾಗಿಸಿ. ಬಂದ ಸೆಕ್ಟರು ಯಾರ ಹೊಲದ ಒಳಗೆ ಬೀಳುತ್ತದೆ ಎಂದು ಡಿಐಆರ್ ಸೂಚಿಯಲ್ಲಿ ನೋಡಿ. ಆ ಸಾಲಿನ ಹೆಸರೇ ನಿಮ್ಮ ಗಂಟು. ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ: ಒಂದು ಟಿಎಕ್ಸ್‌ಡಿಯಲ್ಲಿ, ಅಲ್ಲಿ ಚಿತ್ರವೇ ಇದೆ, ಇನ್ನೊಂದು ಡಿಎಫ್‌ಎಫ್‌ನಲ್ಲಿ, ಅಲ್ಲಿ ಆ ಚಿತ್ರವನ್ನು ಹೊದ್ದುಕೊಳ್ಳುವ ಆಕಾರವಿದೆ. ಯಾವ ಚಿತ್ರ ಯಾವ ಕಟ್ಟಡಕ್ಕೆ ಎಂಬ ನಂಟು ಹೀಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತ್ಯಂತ ಸಂತೋಷ ಕೊಡುವ ಕ್ಷಣ ಇದು.

ಬೋರ್ಡು ಬದಲಾಯಿಸಿದ ಮೇಲೆ ಹತ್ತಿರದಿಂದ ಕನ್ನಡ, ದೂರದಿಂದ ಹಳೆಯ ಇಂಗ್ಲಿಷ್ ಬೋರ್ಡೇ ಕಾಣಿಸಿದರೆ ಗಾಬರಿಯಾಗಬೇಡಿ. ದೂರದ ನೋಟಕ್ಕೆಂದು ಒರಟಾಗಿ ಮಾಡಿದ ಬೇರೆ ಆಕಾರಗಳಿರುತ್ತವೆ. ಅವುಗಳ ಹೆಸರು ‘ಎಲ್‌ಒಡಿ’ ಎಂದು ಶುರುವಾಗುತ್ತದೆ, ಅವಕ್ಕೆ ಬೇರೆ ಚಿತ್ರವಿರಬಹುದು. ಅದನ್ನೂ ಇದೇ ದಾರಿಯಲ್ಲಿ ಹಿಡಿಯಿರಿ.

ಸೋಸಿದರೂ ಹಲವು ಚಿತ್ರಗಳು ಉಳಿದು, ಯಾವುದು ನಿಮ್ಮ ಬೋರ್ಡು ಎಂದು ಕಣ್ಣಿಗೆ ತಿಳಿಯದಿದ್ದರೆ ಅರ್ಧ ಮಾಡುವ ಉಪಾಯ ಉಂಟು. 64 ಚಿತ್ರಗಳಿವೆ ಎನ್ನೋಣ. 32ಕ್ಕೆ ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ ಬಳಿದು ಆಟ ತೆರೆಯಿರಿ. ಬೋರ್ಡು ಗುಲಾಬಿಯಾಗಿದ್ದರೆ ಅದು ಆ 32ರಲ್ಲಿದೆ, ಇಲ್ಲದಿದ್ದರೆ ಉಳಿದ 32ರಲ್ಲಿ. ಮತ್ತೆ ಅರ್ಧ. ಆರು ಸಲಕ್ಕೆ ಒಂದೇ ಉಳಿಯುತ್ತದೆ. ಸಾವಿರ ಇದ್ದರೂ ಹತ್ತೇ ಸಲ. ಒಂದೊಂದನ್ನೇ ಬದಲಿಸಿ ನೋಡುವ ಸಾವಿರ ಸಲಕ್ಕೂ ಈ ಹತ್ತು ಸಲಕ್ಕೂ ಇರುವ ಅಂತರವನ್ನು ನಾನು ಒಂದು ವಾರ ಕಳೆದುಕೊಂಡು ಕಲಿತೆ. ನೀವು ಕಳೆದುಕೊಳ್ಳಬೇಡಿ.

ಪಠ್ಯ ಹುಡುಕುವವರಿಗೆ ಒಂದು ಮಾತು. ವೈಸ್ ಸಿಟಿಯ ಸಂಭಾಷಣೆ, ಹೆಸರುಗಳೆಲ್ಲ ಟೆಕ್ಸ್ಟ್ ಫೋಲ್ಡರಿನ ಜಿಎಕ್ಸ್‌ಟಿ ಫೈಲಿನಲ್ಲಿವೆ. ಅದರಲ್ಲಿ ‘ಲ್ಯಾಂಡ್‌ಸ್ಟಾಕರ್’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಒಂದೊಂದು ಅಕ್ಷರಕ್ಕೆ ಎರಡು ಬೈಟು, ಪ್ರತಿ ಅಕ್ಷರದ ನಂತರ ಒಂದು ಸೊನ್ನೆ ನಿಂತಿದೆ. ಎಚ್‌ಎಕ್ಸ್‌ಡಿಯ ಹುಡುಕು ಪೆಟ್ಟಿಗೆಯಲ್ಲಿ ಯೂನಿಕೋಡ್ ಎಂದು ಆರಿಸಿಕೊಂಡರೆ ತಕ್ಷಣ ಸಿಗುತ್ತದೆ. ಇದೆ ಎಂದು ಖಾತ್ರಿ ಇರುವ ಮಾತು ಸಿಗದಿದ್ದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ.

ಬೇರೆ ಆಟಗಳಲ್ಲೂ ಇದೇ ದಾರಿಯೇ ಎಂದು ಕೇಳಿದ್ದೀರಿ. ದಾರಿ ಅದೇ, ಪಹಣಿ ಇಟ್ಟ ಕಪಾಟು ಮಾತ್ರ ಬೇರೆ. 1996ರ ಕ್ವೇಕ್‌ನ ಪ್ಯಾಕ್ ಫೈಲಿನಲ್ಲಿ ಪ್ರತಿ ಸಾಲಿಗೆ 64 ಬೈಟು, ಅದರಲ್ಲಿ 56 ಹೆಸರಿಗೇ. ಡೂಮ್‌ನ ಎಂಟಕ್ಷರದ ಇಕ್ಕಟ್ಟು ಹೋಗಿ ಫೋಲ್ಡರಿನ ಹೆಸರೂ ಒಳಬಂತು. 1999ರ ಕ್ವೇಕ್ 3 ಅರೀನಾದ ಪಿಕೆ3 ಎಂಬುದು ಬಾಲ ಬದಲಿಸಿಕೊಂಡ ಜಿಪ್ ಫೈಲು, ಅಷ್ಟೇ. 7-ಜಿಪ್‌ನಲ್ಲಿ ತೆರೆಯುತ್ತದೆ. ಜಿಪ್‌ನಲ್ಲಿ ಸೂಚಿ ಕೊನೆಯಲ್ಲಿರುತ್ತದೆ, ಒಳಗಿನದನ್ನೆಲ್ಲ ಹಿಂಡಿಟ್ಟಿದ್ದರೂ ಹೆಸರುಗಳು ಬಿಚ್ಚುಬಿಚ್ಚಾಗಿ ಓದಲು ಸಿಗುತ್ತವೆ. ಹಾಗಾಗಿ ಹೊಸ ಆಟದ ಯಾವುದೇ ಅಪರಿಚಿತ ಫೈಲು ಕೈಗೆ ಸಿಕ್ಕರೆ ಮೊದಲು ಹೆಕ್ಸ್ ಎಡಿಟರಿನಲ್ಲಿ ತಲೆ ನೋಡುತ್ತೇನೆ, ಆಮೇಲೆ ಬುಡ. ‘ಪಿಕೆ’ ಎಂಬ ಎರಡಕ್ಷರ ಕಂಡರೆ ಜಿಪ್, ಕೆಲಸ ಮುಗಿಯಿತು. ವಾಲ್ವ್ ಕಂಪನಿಯ ಆಟಗಳ ವಿಪಿಕೆಗಳಲ್ಲಿ 000, 001 ಎಂದು ಸಾಲಾಗಿ ನಿಂತ ದೊಡ್ಡ ಫೈಲುಗಳನ್ನು ತೆರೆಯಲು ಹೋಗಬೇಡಿ. ಅವುಗಳ ಜೊತೆಯಲ್ಲಿ ಹೆಸರಿನ ಕೊನೆಗೆ ‘ಡಿಐಆರ್’ ಇರುವ ಒಂದಿದೆ, ಎಲ್ಲದರ ಸೂಚಿ ಅದರಲ್ಲಿದೆ.

ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಯವರು ಇದನ್ನು ಒಮ್ಮೆ ಮಾಡಿ ನೋಡಬೇಕು. ಅದರ ಜಾವಾ ಆವೃತ್ತಿಯ ಅಸೆಟ್ಸ್ ಫೋಲ್ಡರಿನಲ್ಲಿ ಆಬ್ಜೆಕ್ಟ್ಸ್ ಎಂಬ ಉಗ್ರಾಣವಿದೆ. ಒಳಗೆ ಹೋದರೆ ಪ್ರತಿ ಫೈಲಿನ ಹೆಸರೂ 40 ಅಕ್ಷರ ಅಂಕಿಗಳ ಕಲಸುಮೇಲೋಗರ. ಆದರೆ ಪಕ್ಕದ ಇಂಡೆಕ್ಸಸ್ ಫೋಲ್ಡರಿನಲ್ಲಿ ಸಾದಾ ಪಠ್ಯದ ಒಂದು ಜೇಸನ್ ಫೈಲಿದೆ. ಅದರಲ್ಲಿ ಬೆಕ್ಕು ಗುರುಗುಟ್ಟುವ ಸದ್ದಿಗೆ ‘ಕ್ಯಾಟ್’ ಎಂದು ಹುಡುಕಿ. ಸದ್ದಿನ ನಿಜವಾದ ಹೆಸರು, ಅದರ ಎದುರು ಆ 40 ಅಕ್ಷರಗಳ ಗುರುತು ಕಾಣುತ್ತದೆ. ಗುರುತಿನ ಮೊದಲ ಎರಡು ಅಕ್ಷರವೇ ಫೋಲ್ಡರಿನ ಹೆಸರು. ಹೋಗಿ ತೆಗೆದುಕೊಂಡು ಓಜಿಜಿ ಎಂದು ಬಾಲ ಹಚ್ಚಿದರೆ ಓಜಿಜಿ ಓದಬಲ್ಲ ಯಾವ ಪ್ಲೇಯರಿನಲ್ಲೂ ಬೆಕ್ಕು ಗುರುಗುಡುತ್ತದೆ.

ಕಷ್ಟ ಶುರುವಾಗುವುದು ಪಹಣಿಯಲ್ಲಿ ಹೆಸರೇ ಇಲ್ಲದಾಗ. ಡಯಾಬ್ಲೊ, ಸ್ಟಾರ್‌ಕ್ರಾಫ್ಟ್ ಆಟಗಳ ಎಂಪಿಕ್ಯೂ ಮೂಟೆಗಳಲ್ಲಿ ಬ್ಲಿಝಾರ್ಡ್ ಕಂಪನಿ ಹೆಸರಿನ ಬದಲು ಹ್ಯಾಶ್ ಇಟ್ಟಿತು. ಹೆಸರನ್ನು ಒಂದು ಲೆಕ್ಕಕ್ಕೆ ಹಾಕಿ ಅರೆದಾಗ ಬರುವ ಸಂಖ್ಯೆಗೆ ಹ್ಯಾಶ್ ಎನ್ನುತ್ತಾರೆ. ರಾಗಿಯಿಂದ ಹಿಟ್ಟು ಬರುತ್ತದೆ, ಹಿಟ್ಟಿನಿಂದ ರಾಗಿ ಬರುವುದಿಲ್ಲ. ಆಟಕ್ಕೆ ಹೆಸರು ಮೊದಲೇ ಗೊತ್ತು, ಅರೆದು ನೋಡಿ ನೇರ ಜಾಗಕ್ಕೆ ಹೋಗುತ್ತದೆ. ನಮಗೆ ಹಿಟ್ಟು ಮಾತ್ರ ಕಾಣುತ್ತದೆ. ಇಂಥಲ್ಲಿ ಹೆಸರುಗಳನ್ನು ಊಹಿಸಿ, ಅರೆದು, ಹೊಂದುತ್ತದೆಯೇ ಎಂದು ನೋಡುವುದೊಂದೇ ದಾರಿ. ಆಟಗಳ ಅಭಿಮಾನಿಗಳು ವರ್ಷಗಟ್ಟಲೆ ಕೂತು ಹೀಗೆ ಹೆಸರುಗಳ ಪಟ್ಟಿಗಳನ್ನು ಕಟ್ಟಿದ್ದಾರೆ. ಅವನ್ನು ‘ಲಿಸ್ಟ್‌ಫೈಲ್’ ಎನ್ನುತ್ತಾರೆ. ಹಲವು ಎಂಪಿಕ್ಯೂಗಳ ಒಳಗೇ ಅದೇ ಹೆಸರಿನ ಫೈಲು ಇರುವುದೂ ಉಂಟು. ಯಾರ ಪರಿಚಯವೂ ಇಲ್ಲದವರು ಒಬ್ಬರಿಗೊಬ್ಬರು ನೆರವಾಗಿ ಕಟ್ಟಿದ ಈ ಪಟ್ಟಿಗಳನ್ನು ಕಂಡರೆ ನನಗೆ ತುಂಬ ಗೌರವ. ಹ್ಯಾಶ್ ಇರುವ ಆಟ ಕೈಗೆ ಬಂದರೆ ಬೇರೇನೂ ಮಾಡುವ ಮೊದಲು ಆ ಆಟಕ್ಕೆ ಲಿಸ್ಟ್‌ಫೈಲ್ ಇದೆಯೇ ಎಂದು ವಿಚಾರಿಸಿ.

ಅದೂ ಇಲ್ಲವೆಂದರೆ ಆಟದ ಹಿಂದೆಯೇ ಹೋಗಬೇಕು. ವಿಂಡೋಸ್‌ಗೆ ಪ್ರೊಸೆಸ್ ಮಾನಿಟರ್ ಎಂಬ ಉಚಿತ ಸಲಕರಣೆಯನ್ನು ಮೈಕ್ರೋಸಾಫ್ಟ್ ತನ್ನ ಸಿಸ್‌ಇಂಟರ್ನಲ್ಸ್ ಗುಂಪಿನಲ್ಲಿ ಕೊಡುತ್ತದೆ. ಯಾವ ಪ್ರೋಗ್ರಾಮು ಯಾವ ಫೈಲಿನ ಎಷ್ಟನೇ ಬೈಟಿನಿಂದ ಎಷ್ಟು ಬೈಟು ಓದಿತು ಎಂಬುದನ್ನು ಅದು ಕ್ಷಣಕ್ಷಣಕ್ಕೂ ಬರೆದಿಡುತ್ತದೆ. ಆಟದ ಪ್ರೋಗ್ರಾಮನ್ನಷ್ಟೇ ತೋರಿಸುವಂತೆ ಸೋಸಿ, ಓದುವ ಕೆಲಸವನ್ನಷ್ಟೇ ಉಳಿಸಿಕೊಳ್ಳಿ. ಆಟದಲ್ಲಿ ಬಾಗಿಲ ಮುಂದೆ ನಿಂತು ದಾಖಲೆಯನ್ನು ಅಳಿಸಿ, ಬಾಗಿಲು ತೆರೆಯಿರಿ, ತಕ್ಷಣ ನಿಲ್ಲಿಸಿ. ಆ ಎರಡು ಕ್ಷಣದಲ್ಲಿ ಓದಿದ್ದೆಲ್ಲ ಬಾಗಿಲಾಚೆಗಿನದು. ಜಾಗವನ್ನು ಸೂಚಿಯೊಂದಿಗೆ ತಾಳೆ ಹಾಕಿದರೆ ಯಾವ ಫೈಲು ಎಂಬುದು ತಿಳಿಯುತ್ತದೆ. ಇದು ಎಲ್ಲ ಕಡೆ ನಡೆಯುವುದಿಲ್ಲ. ಶುರುವಿನಲ್ಲೇ ಎಲ್ಲವನ್ನೂ ನೆನಪಿಗೆ ತುಂಬಿಕೊಳ್ಳುವ ಆಟಗಳು ಬಾಗಿಲ ಬಳಿ ಏನನ್ನೂ ಓದುವುದಿಲ್ಲ, ಫೈಲನ್ನು ನೆನಪಿಗೆ ಹೊಂದಿಸಿಕೊಂಡು ಓದುವ ಆಟಗಳ ಹೆಜ್ಜೆ ಸರಿಯಾಗಿ ಕಾಣುವುದಿಲ್ಲ. ಆದರೆ ವೈಸ್ ಸಿಟಿಯಂತೆ ನಡೆಯುತ್ತ ನಡೆಯುತ್ತ ಊರನ್ನು ತುಂಬಿಕೊಳ್ಳುವ ಆಟಗಳಲ್ಲಿ ಇದನ್ನು ಮೀರಿಸಿದ ಉಪಾಯ ನನಗೆ ಗೊತ್ತಿಲ್ಲ.

ಗಾತ್ರವೂ ಸಾಕ್ಷಿ ಹೇಳುತ್ತದೆ. 1,024 ಅಗಲ, 1,024 ಎತ್ತರದ ಚಿತ್ರವನ್ನು ಡಿಎಕ್ಸ್‌ಟಿ1 ಎಂಬ ಬಗೆಯಲ್ಲಿ ಇಟ್ಟರೆ ಸರಿಯಾಗಿ 5,24,288 ಬೈಟು, ಡಿಎಕ್ಸ್‌ಟಿ5ರಲ್ಲಿ ಅದರ ಎರಡರಷ್ಟು. ದೂರದ ನೋಟಕ್ಕೆಂದು ಅರ್ಧರ್ಧ ಚಿಕ್ಕದಾಗುತ್ತ ಹೋಗುವ ಪ್ರತಿಗಳನ್ನೂ ಸೇರಿಸಿ, ಡಿಡಿಎಸ್ ಎಂಬ ಚಿತ್ರಫೈಲಿನ 128 ಬೈಟಿನ ತಲೆಬರಹವನ್ನೂ ಸೇರಿಸಿದರೆ ಡಿಎಕ್ಸ್‌ಟಿ1 ಚಿತ್ರ 6,99,192 ಬೈಟು. ಆಟಗಳ ಫೈಲು ತಡಕಾಡುವವರಿಗೆ ಈ ಸಂಖ್ಯೆ ಮನೆಯ ಪಿನ್‌ಕೋಡಿನಷ್ಟು ಪರಿಚಿತ. ಹೆಸರಿಲ್ಲದ ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿದರೆ ಇಂಥವು ಒಂದೆಡೆ ಗುಂಪಾಗಿ ನಿಲ್ಲುತ್ತವೆ. ಡೂಮ್‌ನ ಬಹುಪಾಲು ಸದ್ದುಗಳು ಸೆಕೆಂಡಿಗೆ 11,025 ಬೈಟು, ಹಾಗಾಗಿ ಗಾತ್ರ ನೋಡಿಯೇ ಎಷ್ಟು ಹೊತ್ತಿನ ಸದ್ದು ಎನ್ನಬಹುದು. ಫೈಲಿನ ಹಣೆಬರಹವೂ ಹೇಳುತ್ತದೆ: ಓಗ್ ಸದ್ದಾದರೆ ಮೊದಲ ನಾಲ್ಕಕ್ಷರ ‘ಓಜಿಜಿಎಸ್’, ವೇವ್ ಆದರೆ ‘ಆರ್‌ಐಎಫ್‌ಎಫ್’. ಆದರೆ ಮೇಲೆ ಮುಸುಕು ಎಳೆದಿದ್ದರೆ ಹಣೆ ಕಾಣುವುದಿಲ್ಲ. ವೈಸ್ ಸಿಟಿಯ ರೇಡಿಯೋ ಹಾಡುಗಳಿರುವ ಎಡಿಎಫ್ ಫೈಲುಗಳು ನಿಜವಾಗಿ ಎಂಪಿ3ಗಳೇ, ಪ್ರತಿ ಬೈಟನ್ನೂ 22 ಎಂಬ ಹೆಕ್ಸ್ ಸಂಖ್ಯೆಯೊಂದಿಗೆ ಎಕ್ಸ್‌ಒಆರ್ ಎಂಬ ಲೆಕ್ಕಕ್ಕೆ ಹಾಕಿದ್ದಾರೆ. ಎಂಪಿ3ಯಲ್ಲಿ ಮತ್ತೆಮತ್ತೆ ಬರುವ ‘ಎಫ್‌ಎಫ್’ ಎಂಬ ಬೈಟು ಅಲ್ಲಿ ‘ಡಿಡಿ’ ಆಗಿ ಕೂತಿದೆ. ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿದರೆ ಮುಸುಕು ಸರಿಯುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಡೂಮ್‌ನಲ್ಲಿ ‘ಥಿಂಗ್ಸ್’ ಎಂಬ ಹೆಸರಿನ ತುಣುಕು ಮಟ್ಟಕ್ಕೊಂದರಂತೆ ಇದೆ. ಒಂಬತ್ತು ಮಟ್ಟಗಳ ಉಚಿತ ಆವೃತ್ತಿಯಲ್ಲಿ ಒಂಬತ್ತು. ಯಾವ ಮಟ್ಟದ್ದು ಎಂಬುದು ಅದರ ಹೆಸರಿನಲ್ಲಿಲ್ಲ, ಸೂಚಿಯಲ್ಲಿ ಯಾವ ಮಟ್ಟದ ಗುರುತಿನ ನಂತರ ನಿಂತಿದೆ ಎಂಬುದರಲ್ಲಿದೆ. ಆದ್ದರಿಂದ ಸೂಚಿಯನ್ನು ನಿಮ್ಮ ಪಟ್ಟಿಯಾಗಿ ಬರೆದಿಟ್ಟುಕೊಳ್ಳುವಾಗ ಅಕಾರಾದಿಯಾಗಿ ಜೋಡಿಸುವ ಮೊದಲು ಮೂಲದ ಕ್ರಮಸಂಖ್ಯೆಯನ್ನು ಒಂದು ಕಾಲಮಿನಲ್ಲಿ ಉಳಿಸಿ. ಪಟ್ಟಿಯನ್ನಂತೂ ಬರೆದಿಡಲೇಬೇಕು. ಕ್ರಮಸಂಖ್ಯೆ, ಹೆಸರು, ಜಾಗ, ಉದ್ದ, ಮತ್ತು ಕೊನೆಯಲ್ಲಿ ನಿಮ್ಮದೇ ಕನ್ನಡದ ಷರಾ: ‘ಓಷನ್ ಡ್ರೈವ್, ಮೂಲೆ ಅಂಗಡಿ, ಹಸಿರು ಬೋರ್ಡು’ ಎಂದು. ಎರಡನೇ ಸಲ ಹುಡುಕುವಾಗ ಆ ಷರಾ ಒಂದೇ ಸಾಕಾಗುತ್ತದೆ.

ಮೂಲ ಐಎಂಜಿ ಮತ್ತು ಡಿಐಆರ್ ಎರಡನ್ನೂ ಬೇರೆ ಕಡೆ ನಕಲು ಮಾಡಿಟ್ಟೇ ಕೈ ಹಾಕಿ. ಒಂದನ್ನು ಹಳೆಯದು, ಇನ್ನೊಂದನ್ನು ಹೊಸದು ಇಟ್ಟರೆ ಪಹಣಿಗೂ ಹೊಲಕ್ಕೂ ತಾಳೆಯಿಲ್ಲದೆ ಆಟ ತೆರೆಯದೇ ಹೋಗಬಹುದು. ನೀವು ಹಾಕುವ ಫೈಲು ಮೊದಲಿನದಕ್ಕಿಂತ ದೊಡ್ಡದಾದರೆ ಸಲಕರಣೆ ಅದನ್ನು ಮೂಟೆಯ ಕೊನೆಯಲ್ಲಿ ಸೇರಿಸಿ ಹಳೆಯ ಜಾಗವನ್ನು ಖಾಲಿ ಬಿಡುತ್ತದೆ, ‘ರೀಬಿಲ್ಡ್’ ಮಾಡಿದರೆ ಖಾಲಿ ಮುಚ್ಚುತ್ತದೆ. ಇಂದಿನ ಅನೇಕ ಆಟಗಳು ಸೂಚಿಗೇ ಎಇಎಸ್ ಎಂಬ ಗೂಢಲಿಪಿಯ ಬೀಗ ಹಾಕುತ್ತವೆ. ಇತರರೊಂದಿಗೆ ಆನ್‌ಲೈನ್ ಆಡುವ ಆಟಗಳಲ್ಲಿ ಫೈಲು ಮುಟ್ಟಿದರೆ ಖಾತೆಯೇ ಹೋಗಬಹುದು. ಅಲ್ಲಿಗೆ ಹೋಗಬೇಡಿ. ನಿಮ್ಮ ಮನೆಯ, ನೀವು ಕೊಂಡ ಆಟದಲ್ಲಿ ನಿಮ್ಮ ಅಂಗಡಿಯ ಹೆಸರು ಬರೆದುಕೊಳ್ಳುವುದು ಬೇರೆ, ಆಟದ ಚಿತ್ರ, ಹಾಡುಗಳನ್ನು ತೆಗೆದು ಊರಿಗೆಲ್ಲ ಹಂಚುವುದು ಬೇರೆ.

ಇನ್ನು ಬೋರ್ಡು ಸಿಕ್ಕ ಮೇಲೆ. ಮೂಲ ಚಿತ್ರದ ಅಗಲ ಎತ್ತರ ಎಷ್ಟಿದೆಯೋ ಅಷ್ಟೇ ಇರಲಿ. ಅವು 64, 128, 256 ಹೀಗೆ ಎರಡರ ಘಾತಗಳಾಗಿರುತ್ತವೆ. 2003ರ ಆಟದ ಒಂದು ಬೋರ್ಡಿಗೆ ಸಿಗುವ ಚುಕ್ಕೆಗಳು ಬಹಳ ಕಡಿಮೆ. ಇಂಗ್ಲಿಷಿನ ದೊಡ್ಡಕ್ಷರಗಳು ಅಷ್ಟರಲ್ಲಿ ನಿಂತುಬಿಡುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಸಾಲನ್ನು ಬೋರ್ಡಿನ ನಡುವಿಗೆ ಕೂರಿಸಿದರೆ ‘ಅಯ್ಯಂಗಾರ್’ ಎಂಬಂಥ ಹೆಸರಿನ ಯ ಒತ್ತು ಕೆಳಗಂಚಿನಲ್ಲಿ ಕತ್ತರಿಸಿಹೋಗುತ್ತದೆ. ಸಾಲನ್ನು ಸ್ವಲ್ಪ ಮೇಲಕ್ಕೆ ಕೂರಿಸಿ, ದಪ್ಪ ಅಕ್ಷರ ಬಳಸಿ, ವಿಳಾಸ, ಫೋನ್ ನಂಬರು ಬಿಟ್ಟು ಹೆಸರೊಂದನ್ನೇ ಬರೆಯಿರಿ. ಆಟ ತೆರೆದು ರಸ್ತೆಯ ಆಚೆ ಬದಿಯಿಂದ ಓದಲು ಬರುತ್ತದೆಯೇ ನೋಡಿ. ಬಂದರೆ, ಬೋರ್ಡಿನ ಕೆಳಗೆ ನಿಂತ ಒಂದು ಚಿತ್ರವನ್ನು ನಮಗೂ ಕಳಿಸಿ.